ಸಾಹೇಬರ ಟ್ರಂಕು, ನಲವತ್ತಮೂರು ಆಟದ ಸಾಮಾನು

ಬೇತಮಂಗಲದಲ್ಲಿ ಬಸ್ಸಿಳಿದು, ಮಗಳ ಮನೆಯ ಜಗಲಿಯ ಮೇಲೆ ಚೀಲ ಇಟ್ಟು, ಮೇಲುಸಿರು ಬಿಡುತ್ತ ಕೂತಿದ್ದೆ. ಹಿಂದಿನಿಂದ ಎರಡು ಪುಟ್ಟ ಕೈ ಬಂದು ನನ್ನ ಕಣ್ಣು ಮುಚ್ಚಿದವು. ಗಂಟಲು ದಪ್ಪ ಮಾಡಿಕೊಂಡು "ಯಾರು ಹೇಳು" ಅಂತ ಕೇಳಿದಳು ನನ್ನ ಮೊಮ್ಮಗಳು. ಈ ಲೋಕದಲ್ಲಿ ನನಗೆ ತಪ್ಪದೆ ಉತ್ತರ ಗೊತ್ತಿರುವ ಪ್ರಶ್ನೆ ಅದೊಂದೇ. ಆದರೂ ಬೇಗ ಹೇಳುವುದಿಲ್ಲ. ಬಸ್ ಕಂಡಕ್ಟರಾ, ಪೋಸ್ಟ್ ಮಾಸ್ಟರಾ, ಹಾಲಿನ ಡೈರಿಯ ಸೆಕ್ರೆಟರಿಯಾ ಅಂತ ಒಬ್ಬೊಬ್ಬರ ಹೆಸರೇ ಎತ್ತುತ್ತ, ಆ ಕೈ ಎಷ್ಟು ಹೊತ್ತು ಕಣ್ಣ ಮೇಲೆ ಇರುತ್ತದೋ ಅಷ್ಟು ಹೊತ್ತು ಇಟ್ಟುಕೊಳ್ಳುತ್ತೇನೆ. ಇವತ್ತು ಮಾತ್ರ ಎರಡನೇ ಹೆಸರಿಗೇ ನನ್ನ ಬಾಯಿ ಕಟ್ಟಿತು. ಆ ಅಂಗೈಯಲ್ಲಿ ನುಸಿಗುಳಿಗೆಯ ವಾಸನೆ ಇತ್ತು. ಅದರ ಜೊತೆಗೆ ಹಳೆಯ ತಗಡು, ಹಳೆಯ ಎಣ್ಣೆ. ಮಗು ಟ್ರಂಕಿನಲ್ಲಿ ಕೈ ಆಡಿಸಿ ಬಂದಿದೆ ಅಂತ ತಿಳಿಯಿತು. ತಿಳಿದದ್ದೇ ಮೈಯೆಲ್ಲ ಸಂತೋಷ, ಅದರ ಬೆನ್ನಿಗೇ ನಾಚಿಕೆ. ನನಗೆ ಈಗೀಗ ಇವೆರಡೂ ಬೇರೆ ಬೇರೆ ಬರುವುದನ್ನೇ ಬಿಟ್ಟಿವೆ.

ನೀವೂ ಸ್ವಲ್ಪ ಜಗಲಿಯ ಮೇಲೆ ಕೂತುಕೊಳ್ಳಿ. ಒಳಗೆ ಹೋಗುವ ಮೊದಲು ಹೇಳಬೇಕಾದದ್ದು ಒಂದಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಮಸಮುದ್ರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಷ್ಟಕ್ಕೇ ಸ್ಕೂಲು ಮುಗಿಯುತ್ತಿತ್ತು. ಕನ್ನಡ ಓದುತ್ತೇನೆ, ಬರೆಯುತ್ತೇನೆ, ಇಗೋ ಇದನ್ನು ಬರೆಯುತ್ತಿರುವುದೂ ನಾನೇ; ಒತ್ತಕ್ಷರ ತಪ್ಪಿದರೆ ಮಗಳು ತಿದ್ದಿರುತ್ತಾಳೆ. ಹತ್ತೊಂಬತ್ತಕ್ಕೆ ಕೋಲಾರದ ಗಣಿಗೆ ಸೇರಿದೆ. ಎಂಟು ವರ್ಷ ನೆಲದೊಳಗೆ ಟ್ರಾಲಿ ತಳ್ಳಿದೆ. ಆಮೇಲೆ ಪುಣ್ಯಕ್ಕೆ ಮೇಲೆ ಬಂದು ಗಣಿಯ ಕೋರಮಂಡಲ್ ಭಾಗದಲ್ಲಿ ದೊಡ್ಡ ಇಂಜಿನ್ ಮನೆಯ ಆಯಿಲರ್ ಆದೆ. ಆಯಿಲರ್ ಅಂದರೆ ಎಣ್ಣೆ ಬಿಡುವವನು. ಜನರನ್ನು ಕೆಳಗಿಳಿಸಿ ಮೇಲೆತ್ತುವ ಇಂಜಿನ್ನಿಗೆ ಹೊತ್ತು ಹೊತ್ತಿಗೆ ಎಣ್ಣೆ ಬಿಟ್ಟು ಒರೆಸಿ ಇಡುವುದು. ಇದರಲ್ಲಿ ಏನು ದೊಡ್ಡದು ಅಂತ ನೀವು ಕೇಳಬಹುದು. ನನಗೆ ಅದು ತುಂಬ ದೊಡ್ಡದಾಗಿತ್ತು.

ಗಣಿಯಲ್ಲಿ ಒಂದು ಪದ್ಧತಿ ಇತ್ತು. ಯಾರೂ ಯಾರಿಗೂ ಏನನ್ನೂ ಸುಮ್ಮನೆ ಕೊಡುತ್ತಿರಲಿಲ್ಲ. ಹಿತ್ತಾಳೆ ಬಿಲ್ಲೆ ಕೊಟ್ಟರೆ ಲ್ಯಾಂಪು ಕೊಡುತ್ತಿದ್ದರು. ಮೇಲೆ ಬಂದು ಲ್ಯಾಂಪು ಕೊಟ್ಟರೆ ಬಿಲ್ಲೆ ವಾಪಸ್ಸು. ಟೊಪ್ಪಿ, ಬೂಟು, ಎಣ್ಣೆಡಬ್ಬ ಎಲ್ಲ ಪಟ್ಟಿಯಲ್ಲಿ ಬರೆದು ಕೊಡುತ್ತಿದ್ದರು, ಪಟ್ಟಿ ನೋಡಿ ವಾಪಸ್ಸು ತೆಗೆದುಕೊಳ್ಳುತ್ತಿದ್ದರು. ಕೈ ಒರೆಸುವ ದಾರದ ಗಂಟು ಕೂಡ ಹಳೇದನ್ನು ತೋರಿಸಿದ ಮೇಲೇ ಹೊಸದು. ಇಪ್ಪತ್ತೈದು ವರ್ಷ ಈ ಪದ್ಧತಿಯಲ್ಲಿ ಬೆಂದವನಿಗೆ, ಮೇಲಿನವರು ಕೈಗೆ ಏನಿಟ್ಟರೂ ಅದು ಒಂದು ದಿನ ವಾಪಸ್ಸು ಕೊಡಬೇಕಾದದ್ದು ಅನ್ನುವುದು ರಕ್ತದಲ್ಲೇ ಇಳಿದಿರುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ. ಹೇಗಾಯಿತು ಅಂತ ನಿಮಗೆ ತಿಳಿಯಲಿ ಅಂತ ಹೇಳುತ್ತಿದ್ದೇನೆ.

ನಮ್ಮ ಇಂಜಿನಿಯರ್ ಸಾಹೇಬರು ಒಳ್ಳೆಯ ಮನುಷ್ಯರು. ಎಲ್ಲಿಯವರೋ, ಮನೆಯಲ್ಲಿ ಇಂಗ್ಲೀಷು, ನಮ್ಮ ಜೊತೆ ಅರ್ಧ ತಮಿಳು ಅರ್ಧ ಕನ್ನಡ. ಭಾನುವಾರ ಅವರ ಬಂಗಲೆಗೆ ಹೋಗಿ ಫ್ಯಾನಿಗೆ, ಗೇಟಿಗೆ, ಅಮ್ಮಾವ್ರ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಬರುತ್ತಿದ್ದೆ. ಜೊತೆಗೆ ನನ್ನ ಒಬ್ಬಳೇ ಮಗಳು ಮಂಜುಳಾ ಬರುತ್ತಿದ್ದಳು. ಆಗ ಅವಳಿಗೆ ಆರೋ ಏಳೋ. ಆ ಮನೆಯ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಬೀರು ಇತ್ತು, ಅದರ ತುಂಬ ಆಟದ ಸಾಮಾನು. ಸಾಹೇಬರು ಚಿಕ್ಕವರಿದ್ದಾಗ ಆಡಿದ್ದು ಕೆಲವು, ಅವರ ಮಕ್ಕಳು ಆಡಿದ್ದು ಕೆಲವು. ಎಲ್ಲ ತಗಡಿನವು, ಬಣ್ಣದವು, ಹೊರದೇಶದಿಂದ ಬಂದವು. ಕೀ ಕೊಟ್ಟರೆ ಡೋಲು ಬಡಿಯುವ ಕೋತಿ, ಎಂಟು ಡಬ್ಬಿಯ ರೈಲು, ಬಾಗಿಲು ತೆಗೆದು ಮುಚ್ಚುವ ಬಸ್ಸು, ನೆಲ ಕುಕ್ಕುವ ಕೋಳಿ. ನಾನು ಕೆಲಸ ಮುಗಿಸಿ ಬರುವವರೆಗೂ ಮಂಜಿ ಆ ಗಾಜಿನ ಮುಂದೆ ಕೂತಿರುತ್ತಿದ್ದಳು. ಅಮ್ಮಾವ್ರು ಬಿಸ್ಕತ್ತು ಕೊಟ್ಟರೆ ಕೈಯಲ್ಲೇ ಮೆತ್ತಗಾಗುತ್ತಿತ್ತು, ತಿನ್ನುವುದು ಮರೆತು.

ಗಣಿ ಮುಚ್ಚಿತು. ಅದರ ಕತೆ ಹೇಳಲು ಹೋದರೆ ಈ ಜಗಲಿಯಿಂದ ನಾವು ಏಳುವುದಿಲ್ಲ. ಸಾಹೇಬರು ಹೊರಡುವ ದಿನ ಬಂಗಲೆಯ ಮುಂದೆ ಲಾರಿ ನಿಂತಿತ್ತು, ಮನೆಯ ಸಾಮಾನೆಲ್ಲ ಅದರ ಮೇಲೆ. ನನ್ನನ್ನು ಕರೆದು ಒಂದು ಕಬ್ಬಿಣದ ಟ್ರಂಕು ತೋರಿಸಿದರು. ಮೊದಲು "ಪಾಪಾ ಎಲ್ಲಿ?" ಅಂತ ಕೇಳಿದರು. ಸ್ಕೂಲಿಗೆ ಹೋಗವಳೆ ಸಾರ್ ಅಂದೆ. ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದರು. ಆಮೇಲೆ, "ಇದ್ ಎತ್ಕೊಂಡ್ ಓಗು. ಎಲ್ಲಾ ಲೆಟರ್‌ನಲ್ಲಿ ಬರ್ದಿದೀನಿ" ಅಂದರು. ಅಷ್ಟೇ. ಲಾರಿಯವನು ಹಾರ್ನ್ ಒತ್ತುತ್ತಿದ್ದ. ನಾನು ಸಲ್ಯೂಟ್ ಹೊಡೆದು ಟ್ರಂಕು ತಲೆಯ ಮೇಲೆ ಹೊತ್ತು ಬಂದೆ.

ಮನೆಯಲ್ಲಿ ಬಿಚ್ಚಿದೆವು. ಬೀರುವಿನಲ್ಲಿದ್ದ ಅಷ್ಟೂ ಆಟದ ಸಾಮಾನು. ಎಲ್ಲದರ ಮೇಲೆ ಒಂದು ಕವರು, ಅದರೊಳಗೆ ಇಂಗ್ಲೀಷಿನಲ್ಲಿ ಬರೆದ ಒಂದು ಹಾಳೆ. ನಾನು ಆ ಹಾಳೆ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ಓದುವವನ ಹಾಗೆ ನಿಂತೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾವು ಗಣಿಯವರೆಲ್ಲ ಇದ್ದ ಲೈನ್ ಮನೆಗಳಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಸಾಹೇಬರ ಬಂಗಲೆಗೆ ಹೋಗುವವನು, ಇಂಗ್ಲೀಷು ಅಷ್ಟಿಷ್ಟು ಬಲ್ಲವನು ಅಂತ. ಇಂಜಿನ್ನಿನ ಮೇಲೆ ಬರೆದಿದ್ದ ನಾಲ್ಕು ಇಂಗ್ಲೀಷು ಪದ ನನಗೆ ಗುರುತಿತ್ತು. ಆ ಹೆಸರು ಬೆಳೆಯಲು ಅಷ್ಟು ಸಾಕಾಗಿತ್ತು, ನಾನೂ ಅದಕ್ಕೆ ಎಣ್ಣೆ ಬಿಡುತ್ತಿದ್ದೆ. ನನ್ನ ಹೆಂಡತಿ ರತ್ನಮ್ಮ ಕೇಳಿದಳು: "ಏನ್ ಬರ್ದವ್ರೆ ಅದ್ರಾಗೆ?"

ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಪಕ್ಕದ ಲೈನಿನಲ್ಲಿ ಮೇಷ್ಟರಿದ್ದರು, ಓದಿಸಬಹುದಿತ್ತು. ನಾನು ಹಾಳೆಯ ಮೇಲಿಂದ ಕೆಳಕ್ಕೆ ಇನ್ನೊಂದು ಸಲ ಕಣ್ಣಾಡಿಸಿ, "ಸಾಮಾನಿನ ಪಟ್ಟಿ. ಜೋಪಾನ ಮಾಡು, ಬಂದು ತಗೊಂಡ್ ಓಗ್ತೀನಿ ಅಂದವ್ರೆ" ಅಂದೆ. ಹೇಳಿದ ಮೇಲೆ ನನಗೇ ಅದು ನಿಜ ಅನ್ನಿಸಿತು. ಮತ್ತೇನಿರುತ್ತದೆ? ಮೇಲಿನವರು ಕೊಟ್ಟ ಸಾಮಾನಿನ ಜೊತೆ ಪಟ್ಟಿಯಲ್ಲದೆ ಬೇರೆ ಏನು ಬಂದದ್ದನ್ನು ನಾನು ನೋಡಿದ್ದೆ?

ಎಣಿಸಿದೆ. ನಲವತ್ತಮೂರು. ಕವರನ್ನು ತಳದ ನ್ಯೂಸ್ ಪೇಪರಿನ ಕೆಳಗೆ ಇಟ್ಟು, ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಬಂಗಾರಪೇಟೆಗೆ ಮನೆ ಬದಲಿಸಿದಾಗ ಆ ಟ್ರಂಕು ನನ್ನ ತೊಡೆಯ ಮೇಲೆ ಬಂತು, ಅಕ್ಕಿ ಮೂಟೆ ಗಾಡಿಯಲ್ಲಿ ಬಂತು.

ಆಮೇಲೆ ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ, ಟ್ರಂಕು ತೆಗೆಯುತ್ತಿದ್ದೆ. ಇಂಜಿನ್ ಮನೆಯಲ್ಲಿ ಆ ದಿನ ನಮ್ಮ ಸಡಗರ ಹೇಳತೀರದು. ಇಂಜಿನ್ನಿಗೆಲ್ಲ ವಿಭೂತಿ, ಕುಂಕುಮ, ಬೂದುಗುಂಬಳ. ಇಂಜಿನ್ನು ಹೋಯಿತು, ಇವಾದರೂ ಉಳಿದವಲ್ಲ ಅಂತ ಒಂದೊಂದನ್ನೂ ಚಾಪೆಯ ಮೇಲಿಟ್ಟು, ಒರೆಸಿ, ಕೀ ತೂರಿಸುವ ತೂತಿಗೆ ಒಂದು ತೊಟ್ಟು ಮಿಷನ್ ಎಣ್ಣೆ ಬಿಟ್ಟು, ಹಣೆ ಅನ್ನುವ ಜಾಗ ಹುಡುಕಿ ಕುಂಕುಮ ಇಡುತ್ತಿದ್ದೆ. ಬಸ್ಸಿಗೆ ಹಣೆ ಎಲ್ಲಿ ಅಂತ ಗೊತ್ತು, ಬುಗುರಿಗೆ ಎಲ್ಲಿಡುವುದು? ಅದಕ್ಕೂ ಒಂದು ಜಾಗ ಮಾಡಿದ್ದೆ. ಮಂಜಿ ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಹಿಡಿಯುವುದು ಮಾತ್ರ, ಮುಟ್ಟುವ ಹಾಗಿಲ್ಲ. ಬೇರೆಯವರ ಸೊತ್ತು, ಪಟ್ಟಿ ಇದೆ, ಒಂದು ಕಮ್ಮಿಯಾದರೆ ಸಾಹೇಬರಿಗೆ ಯಾವ ಮುಖ ತೋರಿಸಲಿ ಅಂತ ಪ್ರತಿವರ್ಷ ಅದೇ ಭಾಷಣ. ನೋಡಿ, ಆಗ ನನಗೆ ನನ್ನ ಮೇಲೆ ಎಷ್ಟು ಹೆಮ್ಮೆ ಇತ್ತು ಅಂದರೆ, ಹಬ್ಬಕ್ಕೆ ಬಂದವರಿಗೆಲ್ಲ ಟ್ರಂಕು ತೋರಿಸಿ, ಒಂದು ದಿನವೂ ನಮ್ಮ ಮಗೂಗೆ ಮುಟ್ಟಿಸಿಲ್ಲ ಅಂತ ಹೇಳಿಕೊಳ್ಳುತ್ತಿದ್ದೆ. ಅವರೂ ತಲೆದೂಗುತ್ತಿದ್ದರು. ಮಂಜಿ ಅಲ್ಲೇ ನಿಂತಿರುತ್ತಿದ್ದಳು.

ಮುಂದಿನದನ್ನು ಬೇಗ ಹೇಳಿ ಮುಗಿಸಿಬಿಡುತ್ತೇನೆ. ಗಣಿ ಮುಚ್ಚಿದ ಮಾರನೇ ವರ್ಷ, ಬೇಸಿಗೆ ರಜ. ನಾನು ಆಗ ಬಂಗಾರಪೇಟೆಯ ಒಂದು ಅಕ್ಕಿ ಗಿರಣಿಯಲ್ಲಿ ವಾಚ್‌ಮನ್. ಮಧ್ಯಾಹ್ನ ಊಟಕ್ಕೆ ಬಂದೆ. ರತ್ನಮ್ಮ ಸೀಮೆಎಣ್ಣೆಯ ಕ್ಯೂನಲ್ಲಿ ನಿಂತಿದ್ದಳು. ನಾನು ಬೆಳಿಗ್ಗೆ ಸ್ನಾನ ಮಾಡುವಾಗ ಕೀಲಿ ಬಿಚ್ಚಿಟ್ಟು ಮರೆತಿದ್ದೆ. ಮಂಚದ ಕೆಳಗಿನಿಂದ ಟಿಕ್ ಟಿಕ್ ಅನ್ನುವ ಸದ್ದು. ಬಗ್ಗಿ ನೋಡಿದರೆ ಮಂಜಿ ನೆಲಕ್ಕೆ ಗಲ್ಲ ಆನಿಸಿ ಮಲಗಿದ್ದಾಳೆ, ಮುಂದೆ ಆ ತಗಡಿನ ಕೋಳಿ, ಅದರ ಮುಂದೆ ಒಂದು ಹಿಡಿ ರಾಗಿ. ಕೋಳಿ ಕುಕ್ಕುತ್ತಿದೆ, ಇವಳು ಬಾಯಿ ತೆರೆದು ನಗುತ್ತಿದ್ದಾಳೆ.

ಎಳೆದು ಹೊರಗೆ ತಂದೆ. ಹೊಡೆದೆ. ಕಳ್ಳಿ ಅಂದೆ. ಹೊಡೆದದ್ದು ಎರಡು ಏಟೋ ಮೂರೋ ನೆನಪಿಲ್ಲ, ಆ ಮಾತು ಎಷ್ಟು ಸಲ ಅಂದೆ ಅನ್ನುವುದು ನೆನಪಿದೆ, ಹೇಳಲಾರೆ. ಆಮೇಲೆ ಟ್ರಂಕು ಪೂರ್ತಿ ಖಾಲಿ ಮಾಡಿಸಿ, ದೇವರ ಪಟದ ಮುಂದೆ ಕೂರಿಸಿ, ನಲವತ್ತಮೂರನ್ನೂ ಅವಳ ಕೈಯಿಂದಲೇ ಲೆಕ್ಕ ಹಾಕಿಸಿದೆ. ಬಿಕ್ಕುತ್ತ ಎಣಿಸಿದಳು. ಇಪ್ಪತ್ತೊಂಬತ್ತರ ಹತ್ತಿರ ತಪ್ಪಿತು. ಮತ್ತೆ ಒಂದರಿಂದ ಎಣಿಸು ಅಂದೆ.

ಅದಾದ ಮೇಲಿನ ಆಯುಧಪೂಜೆಗಳಲ್ಲಿ ಅವಳು ಬಟ್ಟಲು ಹಿಡಿದು ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ಬುದ್ಧಿ ಬಂತು ಅಂದುಕೊಂಡೆ ನಾನು.

ಮಂಜಿ ಬೆಳೆದಳು, ಓದಿದಳು, ಬೇತಮಂಗಲಕ್ಕೆ ಮದುವೆಯಾಗಿ ಬಂದಳು. ಇಲ್ಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಯಾರ ಹಾಲಿಗೆ ನೀರು ಬಿದ್ದಿದೆ ಅಂತ ಮುಖ ನೋಡದೆ ಹೇಳುತ್ತಾಳೆ, ಊರಿನ ಗೌಡರೂ ಅವಳಿಗೆ ಹೆದರುತ್ತಾರೆ. ಅವಳ ಮಗಳು ಲಾಸ್ಯ. ಈ ಮಗು ಹುಟ್ಟಿದ ದಿನ ನಾನು ಬಂಗಾರಪೇಟೆಯ ನಮ್ಮ ಬೀದಿಗೆಲ್ಲ ಮೈಸೂರ್‌ಪಾಕು ಹಂಚಿ, ಸಾಲದೆ ಸ್ಟೇಷನ್ನಿನಲ್ಲಿ ನಿಂತಿದ್ದ ಗುರುತಿಲ್ಲದವರಿಗೂ ಹಂಚಿದವನು. ಒಬ್ಬರು, ರೈಲಿನಲ್ಲಿ ಕೊಟ್ಟದ್ದನ್ನು ತಿನ್ನಬಾರದು ಅಂತ ಬೋರ್ಡು ಹಾಕಿದಾರಲ್ಲ ತಾತ ಅಂದರು. ಇದು ಪ್ಲಾಟ್‌ಫಾರಂ, ತಿನ್ನಿ ಅಂದೆ. ಅವಳು ತೊದಲಿದ್ದು, ಎದ್ದು ನಿಂತದ್ದು, ನನ್ನ ಕನ್ನಡಕ ಸಾರಿನಲ್ಲಿ ಹಾಕಿದ್ದು, ಎಲ್ಲ ಬರೆದರೆ ನಿಮಗೆ ಸಾಕಪ್ಪ ಅನ್ನಿಸಬಹುದು, ನನಗೆ ಅನ್ನಿಸುವುದಿಲ್ಲ.

ಹೋದ ವರ್ಷದ ಆಯುಧಪೂಜೆಗೆ ಮಗು ಬಂದಿತ್ತು, ನಾಲ್ಕು ತುಂಬಿತ್ತು. ಟ್ರಂಕು ತೆಗೆದೆ. ಚಾಪೆಯ ಮೇಲೆ ಒಂದೊಂದೇ ಇಟ್ಟೆ. "ತಾತ, ಕೋಳಿ ಕೊಡು" ಅಂದಳು. ಕೊಟ್ಟೆ. ಕೇಳಿದ ಉಸಿರಿನಲ್ಲೇ ಕೊಟ್ಟೆ. ಕೀ ಕೊಡುವುದು ಹೇಗೆ ಅಂತ ಬೆರಳು ಹಿಡಿದು ತೋರಿಸಿದೆ. ಅವಳು ತಿರುಗಿಸಿದಳು, ತಿರುಗಿಸಿದಳು, ಟಣ್ ಅಂತು. ಒಳಗಿನ ಸ್ಪ್ರಿಂಗ್ ಹೋಯಿತು. ಮಗು ಗಾಬರಿಯಿಂದ ನನ್ನ ಮುಖ ನೋಡಿತು. ನಾನು ಜೋರಾಗಿ ನಕ್ಕುಬಿಟ್ಟೆ. "ಓದ್ರೆ ಓಗ್ಲಿ ಬಿಡು ನನ್ ಬಂಗಾರ" ಅಂದೆ.

ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದವಳು ಮಂಜಿ. ಅವಳು ಬಟ್ಟಲನ್ನು ನಿಧಾನವಾಗಿ ಚಾಪೆಯ ಮೇಲಿಟ್ಟು ಹಿತ್ತಿಲಿಗೆ ಹೋದಳು. ರತ್ನಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, ತಗ್ಗಿದ ದನಿಯಲ್ಲಿ, "ಅವತ್ತು ಅದೇ ಕೋಳಿಗೆ ಆ ಮಗೀನ ಚರ್ಮ ಸುಲ್ದೆ. ಇವತ್ತು ನಗ್ತಾ ಇದ್ದೀಯಲ್ಲಯ್ಯಾ" ಅಂದಳು.

ನಗು ಎಲ್ಲಿ ಹೋಯಿತೋ. ಹಿತ್ತಿಲಿಗೆ ಹೋಗಿ ಏನಾದರೂ ಅನ್ನಬೇಕಿತ್ತು. ಹೋಗಲಿಲ್ಲ. ಅದರ ಬದಲು ಸಾಹೇಬರ ಕೋಳಿ ಮುರಿಯಿತಲ್ಲ ಅನ್ನುವ ಚಿಂತೆಯನ್ನು ಮೇಲೆ ಎಳೆದುಕೊಂಡೆ. ಆ ಚಿಂತೆ ನನಗೆ ಅಭ್ಯಾಸವಾದದ್ದು, ಹೊದ್ದುಕೊಳ್ಳಲು ಸುಲಭ. ಊಟದ ಹೊತ್ತಿಗೆ ಮಂಜಿಯೇ ಒಂದು ದಾರಿ ಹೇಳಿದಳು. ಡೈರಿಯಲ್ಲಿ ಅವಳ ಜೊತೆ ಕೆಲಸ ಮಾಡುವವಳ ದೂರದ ನೆಂಟರೊಬ್ಬರು ಬೆಂಗಳೂರಿನಲ್ಲಿ ಹಳೆಯ ಆಟದ ಸಾಮಾನಿಗೆ ಬೆಲೆ ಕಟ್ಟುತ್ತಾರಂತೆ, ವಿಮೆ ಮಾಡಿಸುವವರಿಗೆ ಕಾಗದ ಬರೆದುಕೊಡುತ್ತಾರಂತೆ, ಮಾರಿಸಿಯೂ ಕೊಡುತ್ತಾರಂತೆ. "ನಿನ್ ಸಾಹೇಬ್ರು ಬಂದು ಕೇಳಿದ್ರೆ ಏನ್ ಏಳ್ತೀಯಾ? ಮುರಿದಿದ್ದು ಎಷ್ಟಕ್ಕೆ ಬಾಳ್ತದೆ ಅಂತ ತಿಳ್ಕೋ" ಅಂದಳು. ನಿನ್ ಸಾಹೇಬ್ರು ಅನ್ನುವುದನ್ನು ಸ್ವಲ್ಪ ಒತ್ತಿ ಅಂದಳು.

ಆ ಮೇಡಂ ಫೋನಿನಲ್ಲಿ ನನ್ನ ಜೊತೆಯೇ ಮಾತಾಡಿದರು. ಎಲ್ಲವನ್ನೂ ಬೆಳಕಿಗೆ ತೆಗೆದಿಡಿ, ತೊಳೆಯಬೇಡಿ, ಒರೆಸಬೇಡಿ, ಎಣ್ಣೆ ಬಿಡಬೇಡಿ, ಹರಿದ ಡಬ್ಬವಿದ್ದರೂ ಎಸೆಯಬೇಡಿ, ಟ್ರಂಕಿನಲ್ಲಿರುವ ಒಂದು ಚೂರು ಕಾಗದವನ್ನೂ ಬಿಡದೆ ತೆಗೆದಿಡಿ ಅಂದರು. ಆಯಿಲರ್‌ಗೆ ಎಣ್ಣೆ ಬಿಡಬೇಡ ಅನ್ನುವುದು! ಅವರು ಬರುವ ದಿನ ಮಂಜಿಯೂ ಮಗುವೂ ಬಂದಿದ್ದರು; ನಾನು ಬೆಳಿಗ್ಗೆಯಿಂದ ಕೈ ಕಟ್ಟಿ ಕೂತೆ. ರತ್ನಮ್ಮನದು ಇನ್ನೊಂದು ಹಟ. ಬೆಂಗಳೂರಿನಿಂದ ನೋಡಲು ಬರುವವರ ಮುಂದೆ ಇವನ್ನು ಹೀಗೇ ಇಡುವುದೇ, ಹುಣಸೆಹಣ್ಣು ಹಾಕಿ ಉಜ್ಜಿದರೆ ಫಳಫಳ ಅನ್ನುತ್ತವೆ ಅಂತ ಹುಣಸೆಹಣ್ಣು ನೆನೆಸಿಯೇಬಿಟ್ಟಿದ್ದಳು. ಹೆಣ್ಣು ನೋಡೋಕೆ ಬತ್ತಾ ಇಲ್ಲ ಕಣೇ, ಸುಮ್ನಿರು ಅಂತ ತಡೆದೆ. ಮಂಚದ ಮೇಲೆ ಬಿಳಿ ಪಂಚೆ ಹಾಸಿ ಸಾಲಾಗಿ ಇಟ್ಟೆ. ಕೋಳಿಯನ್ನು ಕೊನೆಗೆ, ರೈಲಿನ ಹಿಂದೆ ಮರೆಯಾಗುವ ಹಾಗೆ.

ತಳದ ಕವರು ಮಾತ್ರ ಹೊರಗೆ ತೆಗೆಯಲಿಲ್ಲ. ನನಗೆ ಹೊಸದೊಂದು ಭಯ ಹುಟ್ಟಿತ್ತು. ಪಟ್ಟಿಯಲ್ಲಿ ನಲವತ್ತನಾಲ್ಕು ಇದ್ದರೆ? ಟ್ರಂಕಿಗೆ ತುಂಬುವಾಗ ಒಂದು ಬಿದ್ದುಹೋಗಿದ್ದರೆ? ಓದಿದ್ದೇನೆ ಅಂದವನಿಗೆ ಆ ಲೆಕ್ಕ ಗೊತ್ತಿರಬೇಕಲ್ಲ. ಕವರನ್ನು ದಿಂಬಿನ ಕೆಳಗೆ ತಳ್ಳಿದೆ.

ಮೇಡಂ ಬಂದರು. ಐವತ್ತರ ಹತ್ತಿರದವರು, ಬಿಳಿ ಬಟ್ಟೆಯ ಕೈಗವಸು, ಕೈಯಲ್ಲಿ ಭೂತಗನ್ನಡಿ. ಒಂದು ಗಂಟೆ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿ ಬರೆದುಕೊಂಡರು. ಮಂಜಿ, ರತ್ನಮ್ಮ, ನಾನು ಗೋಡೆಗೆ ಒರಗಿ ನಿಂತಿದ್ದೆವು, ಮಗು ನನ್ನ ಕಾಲು ತಬ್ಬಿ. ಕೊನೆಗೆ ಅವರು, ಈ ಕೆಂಪು ಚುಕ್ಕೆ ಯಾರಿಟ್ಟದ್ದು ಅಂತ ಕೇಳಿದರು. ನಾನೇ ಅಂದೆ. ವರ್ಷವರ್ಷ ಕುಂಕುಮ ಕೂತು ಬಣ್ಣ ತಿಂದುಹಾಕಿದೆಯಂತೆ. ನಾನು ಬಿಟ್ಟ ಎಣ್ಣೆ ಒಳಗೆ ಅಂಟಾಗಿ ಚಕ್ರಗಳೆಲ್ಲ ಹಿಡಿದುಕೊಂಡಿವೆಯಂತೆ, ಕೋಳಿಯ ಸ್ಪ್ರಿಂಗ್ ಮುರಿದದ್ದು ಮಗುವಿನ ತಪ್ಪಲ್ಲವಂತೆ. ಅವರಿಗೆ ಕೋಪವಿರಲಿಲ್ಲ. ಮರುಕದಿಂದಲೇ ಅಂದರು: "ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ. ಇಷ್ಟು ಜೋಪಾನವಾಗಿ ಹಾಳು ಮಾಡಿರೋದನ್ನ ನಾನು ಎಲ್ಲೂ ನೋಡಿಲ್ಲ."

ನಾನು ತಲೆ ತಗ್ಗಿಸಿದೆ. ಇದೇ ನನ್ನ ದೊಡ್ಡ ಅವಮಾನ ಅಂದುಕೊಂಡೆ.

ಆಗ ಮಂಜಿ, "ಕಾಗ್ದ ಏನಿದ್ರೂ ಕೊಡಿ ಅಂದಿದ್ರಲ್ಲ. ಆ ಪಟ್ಟಿ ಎಲ್ಲಪ್ಪ?" ಅಂದಳು. ದಿಂಬಿನ ಕೆಳಗಿನಿಂದ ತೆಗೆದುಕೊಟ್ಟೆ. ಮೇಡಂ ಹಾಳೆ ಬಿಡಿಸಿ ಓದಿದರು. ಪಟ್ಟಿ ಓದುವವರು ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾರೆ. ಇವರು ಹಾಗೆ ಓದಲಿಲ್ಲ. ಓದಿ ಮುಗಿಸಿ, ಮತ್ತೊಂದು ಸಲ ಓದಿ, ತಲೆಯೆತ್ತಿ, "ಮಂಜುಳಾ ಅಂದ್ರೆ ಯಾರು?" ಅಂತ ಕೇಳಿದರು.

ಆಮೇಲೆ ಕನ್ನಡದಲ್ಲಿ ಹೇಳಿದರು. ಸಾಹೇಬರು ಬರೆದಿದ್ದದ್ದು ಇಷ್ಟು. ನಿನ್ನ ಮಗಳು ಮಂಜುಳಾ ನಮ್ಮ ಮನೆಗೆ ಬಂದಾಗಲೆಲ್ಲ ಬೀರುವಿನ ಮುಂದೆ ಕೂತಿರುತ್ತಿದ್ದಳು, ಒಂದು ದಿನವೂ ಬೇಕು ಅಂತ ಕೇಳಲಿಲ್ಲ. ನಮ್ಮ ಮಕ್ಕಳು ದೊಡ್ಡವರಾದರು. ಇವೆಲ್ಲ ಅವಳಿಗೆ. ಆಡಲಿ. ಒಡೆದರೆ ಒಡೆಯಲಿ, ಬೈಯಬೇಡ. ಅವಳು ಆಡುವಾಗ ಒಂದು ಫೋಟೋ ತೆಗೆಸಿ ಕೆಳಗಿನ ವಿಳಾಸಕ್ಕೆ ಕಳಿಸು, ನನ್ನ ಹೆಂಡತಿಗೆ ಸಂತೋಷವಾಗುತ್ತದೆ.

ರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಂಜಿ ಕಾಗದದ ಕಡೆ ನೋಡಲಿಲ್ಲ, ಆಟದ ಸಾಮಾನಿನ ಕಡೆಯೂ ನೋಡಲಿಲ್ಲ. ಹಾಲಿಗೆ ನೀರು ಬೆರೆಸಿದವರನ್ನು ನೋಡುವ ಹಾಗೆ ನನ್ನನ್ನೇ ನೋಡಿದಳು.

"ಓದಿದ್ದೀನಿ ಅಂದಿದ್ದೆ."

ನಾನು ಬಗ್ಗಿ ದಿಂಬು ಸರಿಮಾಡಿದೆ.

"ಅಪ್ಪಾ, ಪಟ್ಟಿ ಅಂದಿದ್ದೆ. ಓದಿದ್ದೀನಿ ಅಂದಿದ್ದೆ."

"ನಂಗೆ ಇಂಗ್ಲೀಷು ಬರಲ್ಲ ಕಣಮ್ಮ" ಅಂದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಂಟಲಲ್ಲಿ ಇಟ್ಟುಕೊಂಡ ಮಾತು. ಹೊರಗೆ ಬಂದಾಗ ಎಷ್ಟು ಸಣ್ಣದಾಗಿತ್ತು. ನನ್ನ ಕಾಲು ತಬ್ಬಿದ್ದ ಮಗು ಮುಖ ಮೇಲೆತ್ತಿ, "ನಂಗೆ ಬತ್ತದೆ ತಾತ, ಎ ಫಾರ್ ಆ್ಯಪಲ್" ಅಂತು. ಯಾರೂ ನಗಲಿಲ್ಲ.

ನನಗೆ ಆಗ ಕಂಡದ್ದು ಹೇಳುತ್ತೇನೆ. ಮಂಚದ ಕೆಳಗೆ ರಾಗಿ ಹಾಕಿ ಮಲಗಿದ್ದ ಮಗು ಕದ್ದದ್ದು ತನ್ನದೇ ಕೋಳಿಯನ್ನು. ನಾನು ಲೆಕ್ಕ ಹಾಕಿಸಿದ ನಲವತ್ತಮೂರೂ ಅವಳವೇ. ಲಾರಿಯ ಪಕ್ಕದಲ್ಲಿ ನಿಂತು ಸಾಹೇಬರು ರಸ್ತೆಯ ಕಡೆ ನೋಡಿದ್ದು ಅವಳು ಸ್ಕೂಲಿನಿಂದ ಬರುತ್ತಾಳೇನೋ ಅಂತ. ಎಲ್ಲೋ ಒಂದು ಊರಿನಲ್ಲಿ ಆ ಅಮ್ಮಾವ್ರು ಫೋಟೋ ಬರುತ್ತದೆ ಅಂತ ಕಾದು, ಬಾರದೆ, ಆ ಆಯಿಲರ್ ಎಲ್ಲ ಮಾರಿಕೊಂಡಿರಬೇಕು ಅಂದುಕೊಂಡಿರಬಹುದು. ಬೇರೆಯವರ ಸೊತ್ತು ಮುಟ್ಟದವನು ಅಂತ ಹೆಮ್ಮೆಪಟ್ಟವನು, ನನ್ನ ಮಗಳದ್ದನ್ನು ನಾನೇ ಕಿತ್ತು ಬೀಗ ಹಾಕಿಟ್ಟಿದ್ದೆ. ಅದೂ ಒಂದು ಹಾಳೆ ಓದಲು ಬರುವುದಿಲ್ಲ ಅಂತ ಹೆಂಡತಿಯ ಮುಂದೆ ಹೇಳಲು ನಾಚಿಕೊಂಡು. ಆವತ್ತು ಪಡದ ಆ ಒಂದು ಚಿಕ್ಕ ನಾಚಿಕೆಗೆ ಈಗ ದಿನವೂ ಕಂತು ಕಟ್ಟುತ್ತಿದ್ದೇನೆ.

ಮೇಡಂ ಪಾಪ, ಏನು ಮಾಡುವುದೆಂದು ತೋಚದೆ ತಮ್ಮ ಕಾಗದಕ್ಕೆ ಹಿಂದಿರುಗಿದರು. ಬೆಲೆಯ ಕಾಗದದ ಮೇಲ್ಗಡೆ ಮಾಲೀಕರ ಹೆಸರು ಬರೆಯಬೇಕು, ಏನಂತ ಬರೆಯಲಿ ಅಂತ ಕೇಳಿದರು. ಬರುವ ಮೊದಲು ಫೋನಿನಲ್ಲಿ ನಾನು ಸಾಹೇಬರ ಹೆಸರು ಹೇಳಿದ್ದೆ. ರತ್ನಮ್ಮ ನನ್ನ ಕಡೆ ತಿರುಗಿ, "ನಿನ್ ಬಾಯಾಗೆ ಏಳು" ಅಂದಳು.

"ಮಂಜುಳಾ" ಅಂದೆ. "ಎಲ್ಲಾ ಅವಳ್ದೇ. ಮೊದ್ಲಿಂದಾನೂ ಅವಳ್ದೇ."

ಮಂಜಿ ಹೊರಗೆ ಹೋಗಿ ಅಂಗಳದ ಕೊಳಾಯಿಯ ಹತ್ತಿರ ನಿಂತಳು. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಟ್ರಂಕು ನಾನೇ ಹೊತ್ತುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕು ಹೇಳಬೇಕು ಅಂದುಕೊಂಡೆ. ಗಣಿಯಲ್ಲಿ ದಿನಕ್ಕೆ ಹತ್ತು ಸಲ, ಮಾಡದ ತಪ್ಪಿಗೂ ತಪ್ಪಾಯ್ತು ಸಾರ್ ಅಂದವನು ನಾನು. ಹೆತ್ತ ಮಗಳಿಗೆ ಅದನ್ನು ಹೇಗೆ ಅನ್ನುವುದು ಅಂತ ಗೊತ್ತಿರಲಿಲ್ಲ. ಬಸ್ಸು ಬಂತು. ಟ್ರಂಕು ಸೀಟಿನ ಕೆಳಗೆ ತಳ್ಳಿದೆ. ಮಗು ಕಿಟಕಿಯಿಂದ ಟಾಟಾ ಮಾಡಿತು, ಮಂಜಿ ಮುಂದೆ ನೋಡುತ್ತಿದ್ದಳು.

ಮಾರುತ್ತಾಳೋ, ವಿಮೆ ಮಾಡಿಸುತ್ತಾಳೋ, ನಾನು ಕೇಳಿಲ್ಲ. ಮೇಡಂ ಕಳಿಸಿದ ಬೆಲೆಯ ಕಾಗದ ಬಂದಿದೆಯಂತೆ, ಅವಳು ಏನೂ ಹೇಳಿಲ್ಲ. ರತ್ನಮ್ಮನಿಂದ ತಿಳಿದದ್ದು ಒಂದೇ. ನಲವತ್ತಮೂರನ್ನೂ ಚಾಪೆಯ ಮೇಲೆ ಹರಡಿ, ನಡುವೆ ಕೂತು, ಗಂಡನ ಕೈಯಲ್ಲಿ ಒಂದು ಫೋಟೋ ತೆಗೆಸಿ, ಸಾಹೇಬರ ಆ ಹಳೆಯ ವಿಳಾಸಕ್ಕೆ ಕಳಿಸಿದ್ದಾಳೆ. ಮಗುವನ್ನು ಕೂರಿಸಿ ತೆಗೆಸಿಲ್ಲ. ತಾನೊಬ್ಬಳೇ ಕೂತಿದ್ದಾಳೆ. ಉತ್ತರ ಬಂದಿಲ್ಲ. ಬರುತ್ತದೋ, ಆ ವಿಳಾಸದಲ್ಲಿ ಈಗ ಯಾರಿದ್ದಾರೋ.

ಇಷ್ಟು ನೆನೆಸಿಕೊಳ್ಳುವ ಹೊತ್ತಿಗೆ ಲಾಸ್ಯಳಿಗೆ ನನ್ನ ಕಣ್ಣು ಮುಚ್ಚುವುದು ಬೇಸರವಾಗಿ, ಕೈ ಹಿಡಿದು ಒಳಗೆ ಎಳೆದಳು. ನಡುಮನೆಯಲ್ಲಿ ಟ್ರಂಕಿನ ಮುಚ್ಚಳ ತೆರೆದಿತ್ತು. ಅವತ್ತಿನ ಮೇಲೆ ನಾನು ಅವನ್ನು ನೋಡುತ್ತಿರುವುದು ಇದೇ ಮೊದಲು. ಮಂಜಿ ಚಾಪೆಯ ನಡುವೆ ಕೂತು, ಹಳೆಯ ಬಟ್ಟೆಯ ಚೂರಿನಿಂದ ರೈಲಿನ ಡಬ್ಬಿಗಳ ಅಂಟು ತೆಗೆಯುತ್ತಿದ್ದಳು. ಬಂದ್ಯಾ ಅಂದಳು, ತಲೆಯೆತ್ತಲಿಲ್ಲ. ನಾನು ಅಭ್ಯಾಸಬಲದಿಂದ ಬಗ್ಗಿ ಬಸ್ಸಿನ ಕಡೆ ಕೈ ಚಾಚಿದೆ. ಮಗು ನನ್ನ ಮಣಿಕಟ್ಟು ಹಿಡಿದುಕೊಂಡಿತು.

"ಕೇಳ್ದೆ ಮುಟ್ಟಂಗಿಲ್ಲ ತಾತ. ಅಮ್ಮಂದು ಅದು."

ಚಾಚಿದ ಕೈ ಹಾಗೇ ನಿಂತಿತು. ಅರವತ್ತೆಂಟು ವರ್ಷದ ಮುದುಕ, ಮಗಳ ಮುಂದೆ ನಿಂತು ಕೇಳಬೇಕು. ಹೇಳಬೇಕಾದದ್ದನ್ನೂ ಅದರ ಜೊತೆಗೇ ಹೇಳಿಬಿಟ್ಟೆ, ಇಲ್ಲದಿದ್ದರೆ ಇನ್ನು ಹತ್ತು ಬಸ್ಸು ಬಂದು ಹೋಗುತ್ತವೆ ಅಂತ ಗೊತ್ತಿತ್ತು.

"ಅವತ್ತು ನಿನ್ನ ಕಳ್ಳಿ ಅಂದೆ, ಮಂಜುಳಾ. ತಪ್ಪು ನಂದು. ನಂಗೆ ಒಂದ್ ಸಲ ಮುಟ್ಟೋಕೆ ಕೊಡ್ತೀಯಾ?"

ಅವಳು ಡಬ್ಬಿ ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದು ಚಕ್ರ ಮುಗಿಸಿದಳು, ಎರಡನೆಯದನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ನಾನು ನಿಂತೇ ಇದ್ದೆ. ಆಮೇಲೆ, ಮುಖ ಕೆಳಗಿಟ್ಟುಕೊಂಡೇ, "ಕೈ ತೊಳ್ಕೊಂಡ್ ಬಾ" ಅಂದಳು.

ಬಚ್ಚಲಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೆ ಎರಡು ಸಲ ತೊಳೆದೆ, ಪಂಚೆಯಲ್ಲಿ ಒರೆಸಿದರೆ ಮತ್ತೆ ಕೊಳೆಯಾದೀತು ಅಂತ ಕೈ ಮೇಲೆತ್ತಿ ನೀರು ಇಳಿಸಿಕೊಂಡೆ. ಒಳಗೆ ಬಂದಾಗ ಅವಳು ಚಾಪೆಯ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ಕೂತಿದ್ದಳು.